ಮೆಟ್ಟಿಲು ಹತ್ತಿದರೆ ಏದುಸಿರೇ?



ಭದ್ರಾವತಿಯಿಂದ ಶಿವಮೊಗ್ಗದ ಕಾಲೇಜಿಗೆ ದಿನವೂ ಬಸ್ಸಿನಲ್ಲಿ ಹೋಗಿ ಬರುವ ನನ್ನ ಅಕ್ಕನ ಮಗಳು ಮೊನ್ನೆ ನಮ್ಮ ಮನೆಗೆ ಬಂದಿದ್ದಳು. ಎರಡನೇ ಮಹಡಿ ಹತ್ತಿ ಬಂದವಳೇ ಕುರ್ಚಿಗೆ ಒರಗಿ, “ಖಾಲಾ, ಸ್ವಲ್ಪ ನೀರು ಕೊಡಿ” ಎಂದಳು. ಮುಂದೆ ಮಾತನಾಡಲು ಉಸಿರೇ ಇರಲಿಲ್ಲ. ವಯಸ್ಸು ಇನ್ನೂ ಹತ್ತೊಂಬತ್ತು!

2020ರ ಮಾರ್ಚ್‌ನಲ್ಲಿ ಲಾಕ್‌ಡೌನ್ ಆದಾಗ ಅವಳು ಎಂಟನೇ ತರಗತಿಯಲ್ಲಿದ್ದಳು. ಗೆಳತಿಯರೊಂದಿಗಿನ ಓಟ, ಖೋಖೋ ಎಲ್ಲವೂ ನಿಂತಿತು. ಮೊಬೈಲೇ ಪಾಠಶಾಲೆಯಾಯಿತು. ಸೋಂಕು ತಗ್ಗಿದ ಮೇಲೆ ಗಂಡುಮಕ್ಕಳು ಬ್ಯಾಟು ಹಿಡಿದು ಮೈದಾನಕ್ಕೆ ಮರಳಿದರು. ಹೆಣ್ಣುಮಕ್ಕಳು ಮಾತ್ರ ಅಷ್ಟರಲ್ಲಿ ‘ದೊಡ್ಡವರಾಗಿ’ದ್ದರು. “ಇನ್ನು ಆಟವೇಕೆ?” ಎಂದವರು ನಾವೇ. ಅಕ್ಕ ಹಾಗೆಂದಾಗ ನಾನೂ ತಲೆಯಾಡಿಸಿದ್ದೆ. ರೋಗ ಹೋಯಿತು, ಕುಳಿತ ಅಭ್ಯಾಸ ಉಳಿಯಿತು.

ಬಳಸದ ಸ್ನಾಯು ಸೊರಗುತ್ತದೆ. ದೇಹಕ್ಕೆ ಶ್ರಮವಿಲ್ಲದಿದ್ದರೆ ಹೃದಯದ ಸಾಮರ್ಥ್ಯವೂ ಕುಗ್ಗುತ್ತದೆ. ಕ್ರಮವಾದ ವ್ಯಾಯಾಮದಿಂದ ಅದು ಮರಳಿ ಬರುತ್ತದೆ ಎಂಬುದೇ ಸಮಾಧಾನದ ಸಂಗತಿ. 2020ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ನೀಡಿದ ಮಾರ್ಗಸೂಚಿಯಂತೆ ವಯಸ್ಕರಿಗೆ ವಾರಕ್ಕೆ ಕನಿಷ್ಠ 150 ನಿಮಿಷ ಬಿರುಸಾದ ನಡಿಗೆಯಂತಹ ಚಟುವಟಿಕೆ ಬೇಕು. ಅಂದರೆ ವಾರದಲ್ಲಿ ಐದು ದಿನ, ದಿನಕ್ಕೆ ಅರ್ಧ ಗಂಟೆ. ನಡೆಯುತ್ತಾ ಮಾತನಾಡಲು ಆಗಬೇಕು, ಹಾಡಲು ಆಗಬಾರದು. ಅದೇ ಸರಿಯಾದ ವೇಗ. ಜೊತೆಗೆ ವಾರಕ್ಕೆ ಎರಡು ದಿನ ಸ್ನಾಯುಗಳಿಗೆ ಬಲ ನೀಡುವ ವ್ಯಾಯಾಮ ಮಾಡಬೇಕು. ಕೈಯೂರದೆ ಕುರ್ಚಿಯಿಂದ ಹತ್ತು ಬಾರಿ ಎದ್ದು ಕುಳಿತುಕೊಳ್ಳುವುದು, ಗೋಡೆಗೆ ಎರಡೂ ಕೈಯೂರಿ ದೇಹವನ್ನು ಹಿಂದೆ ಮುಂದೆ ತಳ್ಳುವುದು, ಇಷ್ಟರಿಂದ ಆರಂಭಿಸಬಹುದು. ಜಿಮ್ ಬೇಕಿಲ್ಲ.

ಆದರೆ ಏದುಸಿರಿಗೆಲ್ಲ ಸೋಮಾರಿತನವೇ ಕಾರಣವೆಂದು ಮಗಳನ್ನು ಗದರಬೇಡಿ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ 15ರಿಂದ 49 ವರ್ಷದ ಸ್ತ್ರೀಯರಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಮಂದಿಗೆ ರಕ್ತಹೀನತೆಯಿದೆ. ಹಿಮೋಗ್ಲೋಬಿನ್ ಪರೀಕ್ಷೆ ಮಾಡಿಸಿ. 12 ಗ್ರಾಂಗಿಂತ ಕಡಿಮೆಯಿದ್ದರೆ ವೈದ್ಯರ ಸಲಹೆ ಪಡೆಯಿರಿ. ಎದೆನೋವು, ಬವಳಿ ಬರುವುದು ಇದ್ದರಂತೂ ತಡಮಾಡಬೇಡಿ.

“ಹೆಣ್ಣುಮಗಳು ಎಲ್ಲಿ ನಡೆಯಬೇಕು?” ಎಂದು ಕೇಳುವಿರಾ? ಶಿವಮೊಗ್ಗದಲ್ಲಿ ಗಾಂಧಿ ಪಾರ್ಕ್ ಇದೆ, ನೆಹರೂ ಕ್ರೀಡಾಂಗಣವಿದೆ. ಶಂಕರಘಟ್ಟದ ಕುವೆಂಪು ವಿಶ್ವವಿದ್ಯಾಲಯದಲ್ಲಿ ಓದುವವರಿಗೆ ಅಲ್ಲಿನ ವಿಶಾಲ ಆವರಣವೇ ಸಾಕು. ಏನೂ ಇಲ್ಲದಿದ್ದರೆ ಮನೆಯ ತಾರಸಿ ಇದೆ. ಕೊರತೆಯಿರುವುದು ಜಾಗದ್ದಲ್ಲ, ಜೊತೆಯದ್ದು.

ಅಕ್ಕನಿಗೆ ಇದನ್ನೇ ಹೇಳಿದೆ. ಈಗ ತಾಯಿ ಮಗಳು ಫಜ್ರ್ ನಮಾಝ್ ಮುಗಿಸಿ, ಬೆಳಕು ಹರಿದ ಮೇಲೆ ಅರ್ಧ ಗಂಟೆ ನಡೆಯುತ್ತಾರೆ. ಮೊದಲ ದಿನ ನಾಲ್ಕು ಕಡೆ ನಿಂತು ಸುಧಾರಿಸಿಕೊಂಡರಂತೆ. ಹೆಚ್ಚು ನಿಂತವಳು ಅಕ್ಕನೇ!

ಸಹೋದರಿ, ಮಗಳಿಗೆ “ಹೋಗು” ಎನ್ನಬೇಡಿ, “ಬಾ, ಹೋಗೋಣ” ಎನ್ನಿರಿ.