ಹೆಪಟೈಟಿಸ್-ಬಿ: ಲೆಕ್ಕಕ್ಕೆ ಬಾರದ ತಾಯಂದಿರು

ಗರ್ಭಿಣಿಯರಲ್ಲಿ ಎಚ್‌ಐವಿ ಸೋಂಕು ಎಷ್ಟು ವ್ಯಾಪಕ ಎಂದು ಕೇಳಿದರೆ ಸರ್ಕಾರದ ಬಳಿ ಉತ್ತರವಿದೆ. ಪ್ರಸವಪೂರ್ವ ತಪಾಸಣೆಗೆ ಬರುವವರ ರಕ್ತದ ಮಾದರಿಗಳನ್ನು ಕಾಲಕಾಲಕ್ಕೆ ಪರೀಕ್ಷಿಸುವ ಕಣ್ಗಾವಲು ವ್ಯವಸ್ಥೆ 1998ರಿಂದ ದೇಶದಾದ್ಯಂತ ನಡೆದುಬಂದಿದೆ. ಒಂದು ಕಾಲಕ್ಕೆ ಈ ಪ್ರಮಾಣ ಶೇಕಡ 1ನ್ನು ದಾಟಿದ್ದ ಆರು ರಾಜ್ಯಗಳಲ್ಲಿ ಕರ್ನಾಟಕವೂ ಒಂದಾಗಿತ್ತು. 2019ರ ವೇಳೆಗೆ ರಾಷ್ಟ್ರೀಯ ಪ್ರಮಾಣ ಶೇ 0.24ಕ್ಕೆ ಇಳಿದಿತ್ತು. ಈ ಇಳಿಕೆಯನ್ನು ನಾವು ನಂಬಬಹುದಾದದ್ದು, ಎರಡು ದಶಕ ಬೇಸರಿಸದೆ ಎಣಿಸಿದ್ದರಿಂದ.

ಹೆಪಟೈಟಿಸ್-ಬಿ ವಿಷಯದಲ್ಲಿ ಅಂಥ ಶಿಸ್ತು ನಮಗೆ ರೂಢಿಯಾಗಿಲ್ಲ. ನಾಲ್ಕನೇ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಸಂಗ್ರಹಿಸಿದ ರಕ್ತದ ಮಾದರಿಗಳ ಪ್ರಕಾರ ಜನಸಂಖ್ಯೆಯಲ್ಲಿ ಶೇ 0.95ರಷ್ಟು ಮಂದಿಗೆ ಈ ಸೋಂಕಿದೆ. ವಿಶ್ವ ಆರೋಗ್ಯ ಸಂಸ್ಥೆಯ 2024ರ ವರದಿಯಾದರೋ 2022ರಲ್ಲಿ ಭಾರತದ ಸೋಂಕಿತರು 2.98 ಕೋಟಿ ಎನ್ನುತ್ತದೆ. ಗುಣಾಕಾರ ಮಾಡಿ ನೋಡಿದರೆ ಎರಡನೆಯದು ಮೊದಲನೆಯದರ ಎರಡು ಪಟ್ಟಿಗೂ ಹೆಚ್ಚು. ಇಷ್ಟು ಅಂತರವಿರುವ ಅಂಕಿಗಳ ಮೇಲೆ ಯಾವ ಇಲಾಖೆಯೂ ಆಯವ್ಯಯ ರೂಪಿಸಲಾರದು.

ಗರ್ಭಿಣಿಯರ ಲೆಕ್ಕವೇ ಏಕೆ ಮುಖ್ಯ? ವಯಸ್ಕರಿಗೆ ತಗುಲಿದ ಸೋಂಕು ಬಹುಪಾಲು ತಾನಾಗಿಯೇ ವಾಸಿಯಾಗುತ್ತದೆ. ದೀರ್ಘಕಾಲ ಉಳಿಯುವುದು ನೂರಕ್ಕೆ ಐವರಿಗಿಂತ ಕಡಿಮೆ ಜನರಲ್ಲಿ. ಹೆರಿಗೆಯ ಹೊತ್ತಿನಲ್ಲಿ ತಾಯಿಯಿಂದ ಅಂಟಿಸಿಕೊಂಡ ಶಿಶುಗಳಲ್ಲಿ ಸುಮಾರು ಶೇ 90ರಷ್ಟು ಅದನ್ನು ಜೀವನಪೂರ್ತಿ ಹೊರುತ್ತವೆ. ದಶಕಗಳ ಮೌನದ ನಂತರ ಅದು ಯಕೃತ್ತಿನ ಕ್ಯಾನ್ಸರಾಗಿ ಕಾಣಿಸಿಕೊಳ್ಳಬಹುದು. ತಡೆಯುವ ಉಪಾಯ ಅಗ್ಗದ್ದು: ಹುಟ್ಟಿದ 24 ಗಂಟೆಗಳೊಳಗೆ ಒಂದು ಲಸಿಕೆ, ತಾಯಿಗೆ ಸೋಂಕಿದ್ದರೆ ಜೊತೆಗೆ ಇಮ್ಯುನೊಗ್ಲಾಬ್ಯುಲಿನ್ ಚುಚ್ಚುಮದ್ದು. ಆರನೇ ವಾರದ ಲಸಿಕೆ ಅದಕ್ಕೆ ಬದಲಿಯಲ್ಲ.

ಈಗ ಬೊಮ್ಮನಹಳ್ಳಿಯನ್ನು ಗಮನಿಸಿ. ಹೊಸೂರು ರಸ್ತೆಯ ಆಸುಪಾಸಿನ ಸಿದ್ಧ ಉಡುಪು ಕಾರ್ಖಾನೆಗಳಲ್ಲಿ ದುಡಿಯುವವರಲ್ಲಿ ಹೆಣ್ಣುಮಕ್ಕಳೇ ಹೆಚ್ಚು. ಅವರಲ್ಲಿ ಅನೇಕರು ಹೊರ ಜಿಲ್ಲೆ, ಹೊರ ರಾಜ್ಯಗಳಿಂದ ಬಂದವರು. ಒಂದು ದಿನದ ರಜೆ ಎಂದರೆ ಒಂದು ದಿನದ ಕೂಲಿ ಖೋತಾ. ಹಾಗಾಗಿ ಮೊದಲ ತಪಾಸಣೆ ತಡವಾಗುತ್ತದೆ. ಏಳನೇ ತಿಂಗಳು ತುಂಬಿದ ಮೇಲೆ ಚೊಚ್ಚಲ ಹೆರಿಗೆಗೆ ತವರಿಗೆ ಹೊರಡುತ್ತಾರೆ. ರಕ್ತ ಪರೀಕ್ಷೆ ಇಲ್ಲಿ, ಹೆರಿಗೆ ರಾಯಚೂರಿನಲ್ಲೋ ಒಡಿಶಾದಲ್ಲೋ. ಫಲಿತಾಂಶ ತಾಯಿ ಕಾರ್ಡಿನಲ್ಲಿ ನಮೂದಾಗದೆ ಇಲ್ಲಿನ ಪ್ರಯೋಗಾಲಯದ ಚೀಟಿಯಲ್ಲೇ ಉಳಿದರೆ, ಅಲ್ಲಿನ ದಾದಿಗೆ ತಿಳಿಯುವುದಾದರೂ ಹೇಗೆ? ಇಲ್ಲಿನ ಕೇಂದ್ರಕ್ಕೆ ಆಕೆ ನೋಂದಣಿಯಾಗಿ ಕಣ್ಮರೆಯಾದವಳು, ಅಲ್ಲಿನ ಆಸ್ಪತ್ರೆಗೆ ಹಠಾತ್ತನೆ ಬಂದವಳು. ಯಾರ ಶೇಕಡಾವಾರಿನಲ್ಲೂ ಆಕೆ ಸರಿಯಾಗಿ ಕೂರುವುದಿಲ್ಲ.

ಆಸ್ಪತ್ರೆಗಳ ಅಭಾವ ಇದಕ್ಕೆ ಕಾರಣವಲ್ಲ. 2019-21ರ ಕುಟುಂಬ ಆರೋಗ್ಯ ಸಮೀಕ್ಷೆಯಂತೆ ರಾಜ್ಯದ ಶೇ 97ರಷ್ಟು ಹೆರಿಗೆಗಳು ಆಸ್ಪತ್ರೆಯಲ್ಲೇ ಆಗಿವೆ. ಆದರೆ ಮೊದಲ ಮೂರು ತಿಂಗಳಲ್ಲಿ ತಪಾಸಣೆ ಪಡೆದವರು ಸುಮಾರು ಶೇ 71 ಮಾತ್ರ. ಇನ್ನು ಆಸ್ಪತ್ರೆಯೊಳಗೇ ಲಸಿಕೆ ತಪ್ಪುವುದಕ್ಕೆ ಒಂದು ವಿಚಿತ್ರ ಮಿತವ್ಯಯವೂ ಕಾರಣ. ಸೀಸೆಯಲ್ಲಿ ಹತ್ತು ಡೋಸ್ ಇರುತ್ತದೆ. ಒಂದೇ ಕೂಸಿಗಾಗಿ ಅದನ್ನು ತೆರೆದರೆ ಉಳಿದದ್ದು ವ್ಯರ್ಥವೆಂಬ ಅಂಜಿಕೆ. ತೆರೆದ ಸೀಸೆಯನ್ನು ನಿಯಮಾನುಸಾರ 28 ದಿನಗಳವರೆಗೆ ಬಳಸಲು ಅವಕಾಶವಿದ್ದರೂ ಅಂಜಿಕೆ ಹೋಗಿಲ್ಲ. ಹಾಗೊಮ್ಮೆ ವ್ಯರ್ಥವಾದರೂ ಅದು ಒಂದು ಯಕೃತ್ತಿನ ಬೆಲೆಗೆ ಸಮವೇ?

ರಾಷ್ಟ್ರೀಯ ಹೆಪಟೈಟಿಸ್ ನಿಯಂತ್ರಣ ಕಾರ್ಯಕ್ರಮ 2018ರಲ್ಲೇ ಆರಂಭವಾಗಿ, ಪರೀಕ್ಷೆಯನ್ನೂ ಔಷಧಿಯನ್ನೂ ಉಚಿತವಾಗಿ ಒದಗಿಸಿದೆ. ಕೊರತೆಯಿರುವುದು ಜೋಡಣೆಯಲ್ಲಿ. ಪರೀಕ್ಷೆಯ ಫಲಿತಾಂಶ ತಾಯಿಯೊಡನೆ ಪ್ರಯಾಣಿಸಬೇಕು. ಅತ್ತೆಮನೆಯಲ್ಲಿ ತಟ್ಟೆ ಲೋಟ ಬೇರೆಯಿಡುವಷ್ಟು ಬಹಿರಂಗವಾಗಿ ಅಲ್ಲ. ಒಟ್ಟಿಗೆ ಉಣ್ಣುವುದರಿಂದ ಈ ಸೋಂಕು ಹರಡುವುದಿಲ್ಲವೆಂದು ಮನೆಯವರಿಗೂ ತಿಳಿಸಿ ಹೇಳಬೇಕು. ಕಾರ್ಖಾನೆಗಳು ತಪಾಸಣೆಯ ದಿನಕ್ಕೆ ಕೂಲಿ ಕಡಿಯಬಾರದು.

ಬೊಮ್ಮನಹಳ್ಳಿ 2007ರವರೆಗೆ ನಗರಸಭೆಯಾಗಿತ್ತು, ಬಳಿಕ ಬಿಬಿಎಂಪಿಯ ವಲಯವಾಯಿತು. 2025ರಲ್ಲಿ ಆ ಪಾಲಿಕೆಯೂ ಐದಾಗಿ ಒಡೆಯಿತು. ಫಲಕಗಳನ್ನು ಬದಲಿಸುವುದರಲ್ಲಿ ತೋರಿದ ಉತ್ಸಾಹದ ಒಂದಂಶವನ್ನು ಹೊಸ ಪಾಲಿಕೆಗಳು ಇತ್ತ ಹರಿಸಲಿ. ಎಷ್ಟು ಗರ್ಭಿಣಿಯರು ನೋಂದಾಯಿಸಿದರು, ಎಷ್ಟು ಮಂದಿಗೆ ಹೆಪಟೈಟಿಸ್-ಬಿ ಪರೀಕ್ಷೆಯಾಯಿತು, ಎಷ್ಟು ಮಂದಿಯಲ್ಲಿ ಸೋಂಕು ಕಂಡಿತು, ಎಷ್ಟು ಶಿಶುಗಳಿಗೆ ಮೊದಲ ದಿನವೇ ಲಸಿಕೆ ದೊರೆಯಿತು ಎಂಬ ನಾಲ್ಕು ಅಂಕಿಗಳನ್ನು ವಾರ್ಡುವಾರು ಪ್ರತಿ ವರ್ಷ ಪ್ರಕಟಿಸಲಿ.