ಹಳೆಯ ಬ್ರೆಡ್ಡು ಮತ್ತು ಭಾನುವಾರದ ಉಪಾಹಾರ

ಜಯನಗರ, ಬನಶಂಕರಿಯ ಕಡೆ ಮನೆಗಳನ್ನು ಸಂದರ್ಶಿಸುವಾಗ ನಾವು ಕಾಣುವ ಒಂದು ನೋಟವಿದೆ. ಮಕ್ಕಳು ಹೊರದೇಶದಲ್ಲಿ, ಮನೆಯಲ್ಲಿ ಹಿರಿಯರು ಇಬ್ಬರೇ. 400 ಗ್ರಾಂ ಬ್ರೆಡ್ಡು ಅವರಿಗೆ ವಾರವಾದರೂ ಮುಗಿಯದು. ಫ್ರಿಜ್ಜಿನಲ್ಲಿ ಬಿರುಸಾದ ಅರ್ಧ ಪೊಟ್ಟಣ ಕಡೆಗೆ ಕಸದ ಗಾಡಿಯ ಪಾಲು.

ಇಂಥ ಬ್ರೆಡ್ಡಿಗಾಗಿಯೇ ಹುಟ್ಟಿದ ತಿಂಡಿಯೊಂದಿದೆ. ನಮ್ಮಲ್ಲಿ ಕೆಲವರು ಬಾಂಬೆ ಟೋಸ್ಟ್ ಎಂದೂ ಕರೆಯುವ ಫ್ರೆಂಚ್ ಟೋಸ್ಟ್. ಹೆಸರು ಕೇಳಿ ಇದು ಪರದೇಶದ ಷೋಕಿ ಎಂದು ಮೂಗು ಮುರಿಯುವವರು ತುಸು ತಡೆಯಬೇಕು. ಫ್ರೆಂಚರು ಇದನ್ನು 'ಕಳೆದುಹೋದ ರೊಟ್ಟಿ' ಎನ್ನುತ್ತಾರೆ. ಜರ್ಮನರು 'ಬಡ ಸರದಾರರು' ಎನ್ನುತ್ತಾರೆ. ಸ್ಪೇನಿನಲ್ಲಿ ತಪಸ್ಸುಕಾಲದಲ್ಲೂ ಪವಿತ್ರ ವಾರದಲ್ಲೂ ಮಾಡುವ ತೊರ್ರೀಹಾ ಇದರ ಒಡಹುಟ್ಟು. ಅಪೀಸಿಯಸನ ಹೆಸರಿನಲ್ಲಿ ಉಳಿದುಬಂದ ರೋಮನ್ ಪಾಕಗ್ರಂಥದಲ್ಲಿಯೂ ಬ್ರೆಡ್ಡನ್ನು ಹಾಲಿನಲ್ಲಿ ನೆನೆಸಿ, ಎಣ್ಣೆಯಲ್ಲಿ ಕರಿದು, ಜೇನು ಸುರಿಯುವ ವಿಧಾನವಿದೆ. (ಆ ಗ್ರಂಥ ಬಡವರದ್ದಲ್ಲ ಎಂಬುದು ಬೇರೆ ಮಾತು.)

ಬ್ರೆಡ್ಡು ಹಳತಾಗುವುದೆಂದರೆ ಒಣಗುವುದೆಂದು ನಾವೆಲ್ಲ ತಿಳಿಯುತ್ತೇವೆ. ಅದು ಅರ್ಧ ಸತ್ಯ. ಬೇಯುವಾಗ ನೀರು ಹೀರಿ ಮೆತ್ತಗಾದ ಪಿಷ್ಟವು ತಣಿದ ಮೇಲೆ ಮತ್ತೆ ಗಟ್ಟಿಯಾಗಿ ಜೋಡಣೆಗೊಳ್ಳುತ್ತದೆ. ಫ್ರಿಜ್ಜಿನ ತಂಪು ಈ ಕ್ರಿಯೆಯನ್ನು ತ್ವರಿತಗೊಳಿಸುತ್ತದೆ. ಫ್ರೀಜರಿನ ಹೆಪ್ಪು ಅದನ್ನು ಬಹುಮಟ್ಟಿಗೆ ತಡೆಯುತ್ತದೆ. ಆದುದರಿಂದ ತಂದ ದಿನವೇ ಅರ್ಧವನ್ನು ಫ್ರೀಜರಿನಲ್ಲಿಡುವುದು ಲೇಸು. ಗಟ್ಟಿಯಾದ ಬ್ರೆಡ್ಡು ಹಾಲನ್ನು ಹೀರಿಯೂ ಹರಿದುಹೋಗುವುದಿಲ್ಲ. ಹೊಸ ಬ್ರೆಡ್ಡು ಮುದ್ದೆಯಾಗುತ್ತದೆ. ಬೂಷ್ಟು ಹಿಡಿದದ್ದನ್ನು ಮಾತ್ರ ಎಸೆಯಲೇಬೇಕು.

ಎಂಟು ಹೋಳಿಗೆ ಮೂರು ಮೊಟ್ಟೆ, ಒಂದು ಲೋಟ ಹಾಲು, ಎರಡು ಚಮಚ ಸಕ್ಕರೆ, ಚಿಟಿಕೆ ಉಪ್ಪು, ಏಲಕ್ಕಿ ಪುಡಿ ಸಾಕು. ಸಕ್ಕರೆ ಹೆಚ್ಚಾದರೆ ಒಳಗೆ ಬೇಯುವ ಮೊದಲೇ ಹೊರಗೆ ಸೀಯುತ್ತದೆ, ಉರಿ ಮಧ್ಯಮವಾಗಿರಬೇಕು. ಮೊಟ್ಟೆ ತಿನ್ನದ ನೆರೆಯವರನ್ನು ಕರೆಯುವುದಾದರೆ ಹಾಲಿಗೆ ಎರಡು ಚಮಚ ಕಸ್ಟರ್ಡ್ ಪುಡಿ ಬೆರೆಸಬಹುದು. 1837ರಲ್ಲಿ ಆಲ್ಫ್ರೆಡ್ ಬರ್ಡ್ ಎಂಬ ಇಂಗ್ಲಿಷ್ ಔಷಧ ವ್ಯಾಪಾರಿ ಆ ಪುಡಿಯನ್ನು ಕಂಡುಹಿಡಿದದ್ದೇ ಮೊಟ್ಟೆ ಒಗ್ಗದ ತನ್ನ ಪತ್ನಿಗಾಗಿ. ಮೊಟ್ಟೆ ಮುಟ್ಟದ ಅಯ್ಯಂಗಾರ್ ಬೇಕರಿಗಳ ಈ ಊರಿಗೆ ಅದು ಹೊಂದುವ ಉಪಾಯವೇ.

ನಮ್ಮ ತಕರಾರು ಇರುವುದು ಬೇರೆಡೆ. ಹೆಂಚಿನ ಮೇಲೆ ಒಮ್ಮೆಗೆ ಎರಡೇ ಹೋಳು ಹಿಡಿಯುತ್ತವೆ. ತಿಂಡಿಯೋ ಬಿಸಿಯಾಗಿಯೇ ತಿನ್ನತಕ್ಕದ್ದು. ಹಾಗಾಗಿ ಮನೆಮಂದಿ ಕುಳಿತು ತಿನ್ನುವಾಗ ಒಬ್ಬರು ನಿಂತೇ ಇರುತ್ತಾರೆ. ಆ ಒಬ್ಬರು ಯಾರೆಂದು ಹೇಳಬೇಕಾಗಿಲ್ಲ. ದೋಸೆಯ ವಿಷಯದಲ್ಲಿಯೂ ಇದೇ ಕಥೆ. ತಾಯಿ ಕೊನೆಯ ಹೋಳನ್ನು ಅಡುಗೆಮನೆಯಲ್ಲೇ ನಿಂತು ಮುಗಿಸುವ ಉಪಾಹಾರವನ್ನು ಕುಟುಂಬದ ಉಪಾಹಾರವೆಂದು ಕರೆಯಲು ನಮಗೆ ಮನಸ್ಸಿಲ್ಲ.

1953ರ ಮುಂಚೆ ಪರಮಪ್ರಸಾದ ಸ್ವೀಕರಿಸುವವರು ನಡುರಾತ್ರಿಯಿಂದ ನೀರನ್ನೂ ಮುಟ್ಟುತ್ತಿರಲಿಲ್ಲ. ಆ ವರ್ಷ ಜಗದ್ಗುರು ಹನ್ನೆರಡನೆಯ ಪಿಯುಸರು ನೀರಿಗೆ ಅನುಮತಿ ಕೊಟ್ಟರು. 1957ರಲ್ಲಿ ಉಪವಾಸ ಮೂರು ಗಂಟೆಗಿಳಿಯಿತು, 1964ರಲ್ಲಿ ಆರನೆಯ ಪೌಲರು ಅದನ್ನು ಒಂದೇ ಗಂಟೆಗಿಳಿಸಿದರು. ಹಳೆಯ ನಿಯಮ ಮರಳಲೆಂದು ನಾವು ಬಯಸುವವರಲ್ಲ. ವೃದ್ಧರಿಗೂ ರೋಗಿಗಳಿಗೂ ಅದು ಕಷ್ಟವೇ ಆಗಿತ್ತು. ಆದರೆ ಅಂದು ಪೂಜೆ ಮುಗಿಸಿ ಬಂದ ಮನೆಮಂದಿಗೆಲ್ಲ ಒಂದೇ ಹಸಿವು, ಒಂದೇ ಹೊತ್ತು. ಇಂದು ತಂದೆ ಆರೂವರೆಯ ಪೂಜೆಗೆ, ಮಗಳು ಸಂಜೆಯ ಪೂಜೆಗೆ, ಬಿ.ಟಿ.ಎಂ. ಬಡಾವಣೆಯ ಮಗ ರಾತ್ರಿಪಾಳಿ ಮುಗಿಸಿ ಮಲಗಿರುತ್ತಾನೆ, ಅವನ ತಿಂಡಿಯನ್ನು ಹೋಟೆಲಿನ ಹುಡುಗ ಬಾಗಿಲಿಗೆ ತರುತ್ತಾನೆ.

ತಿಂಗಳಿಗೊಂದು ಭಾನುವಾರವಾದರೂ ಗಂಡನೋ ಮಗನೋ ಹೆಂಚಿನ ಮುಂದೆ ನಿಲ್ಲಲಿ. ಬಾರದ ವಿದ್ಯೆ ಎಂಬ ನೆಪ ಇಲ್ಲಿ ಸಲ್ಲದು. ಏಳನೆಯ ತರಗತಿಯ ಹುಡುಗನೂ ಹಿರಿಯರೊಬ್ಬರು ಪಕ್ಕದಲ್ಲಿದ್ದರೆ ಮಾಡಬಲ್ಲ ಕೆಲಸವಿದು. ಮೊದಲೆರಡು ಹೋಳು ಕರಿದಾದರೆ ಅವನೇ ತಿನ್ನಲಿ. ಮೂರನೆಯದು ತಾಯಿಯ ತಟ್ಟೆಗೆ, ಆಕೆ ಕುಳಿತಿರುವಾಗ.