ಸೊಪ್ಪಿನಾಚೆಗೂ ನಂಟಿದೆ

ಗಿನಿಪಿಗ್‌ಗೆ ಬೇಕಿರುವುದು ಸೊಪ್ಪು, ಸಾಕಿದವರಲ್ಲ ಎಂಬ ನಿಮ್ಮ ಲೇಖಕರ ತೀರ್ಪು ದುಡುಕಿನದು. ಫ್ರಿಜ್ ಬಾಗಿಲಿನ ಸದ್ದಿಗೆ ಅದು ಕೀರಲು ದನಿ ತೆಗೆಯುವುದು ಹಸಿವಿಗೇ, ಒಪ್ಪಿದೆ. ಹೊಟ್ಟೆ ತುಂಬಿದ ಮೇಲೂ ಪರಿಚಿತ ಮಡಿಲಲ್ಲಿ ಕಾಲು ಚಾಚಿ ಮಲಗುವುದು ಯಾವ ಸೊಪ್ಪಿಗಾಗಿ? ಭಯವಾದರೆ ಮರಗಟ್ಟಿ ನಿಲ್ಲುವ ಜೀವ ಅದು (ಅದನ್ನೇ ಮುದ್ದು ಎಂದು ತಿಳಿಯುವವರಿದ್ದಾರೆ, ಅದು ತಪ್ಪು). ಅಂಥದ್ದು ಮೈ ಸಡಿಲಿಸುವುದು ಸಣ್ಣ ಮಾತಲ್ಲ.

ಜರ್ಮನಿಯ ಪ್ರಾಣಿವರ್ತನೆಯ ವಿಜ್ಞಾನಿ ನಾರ್ಬರ್ಟ್ ಸಾಕ್ಸರ್ ಅವರ ತಂಡ ಕಂಡದ್ದು ಇದು: ಹೊಸ ಜಾಗದಲ್ಲಿ ಒಂಟಿ ಗಂಡು ಗಿನಿಪಿಗ್‌ಗೆ ಏರುವ ಒತ್ತಡದ ಹಾರ್ಮೋನು ಕಾರ್ಟಿಸೋಲ್, ಒಡನಾಡಿ ಹೆಣ್ಣು ಜೊತೆಗಿದ್ದರೆ ಅಷ್ಟು ಏರದು, ಅಪರಿಚಿತ ಹೆಣ್ಣಿದ್ದರೆ ಆ ನೆಮ್ಮದಿಯಿಲ್ಲ. ಅಂದರೆ ನಂಟು ಕಟ್ಟುವ ಮನಸ್ಸು ಅದಕ್ಕಿದೆ. ಆ ಮನಸ್ಸು ಮನುಷ್ಯರ ಮುಂದೆ ಮಾತ್ರ ಬಾಗಿಲು ಹಾಕಿಕೊಳ್ಳುತ್ತದೆ ಎನ್ನಲು ಲೇಖಕರು ಕೊಟ್ಟ ಆಧಾರವೇನು? ಒಂದೂ ಇಲ್ಲ.